ಫೋನಿಗೆ ನೂರೆಂಟು ಕೆಲಸ, ಸೌಧಕ್ಕೆ ಹತ್ತು ದಿನ

ಬೆಳಗಾವಿಗೆ ಎರಡು ವಸ್ತುಗಳು ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಬಂದವು. ಒಂದು, ಏಳೆಂಟು ಸಾವಿರಕ್ಕೆ ಸಿಗುತ್ತಿದ್ದ ಗ್ಯಾಲಕ್ಸಿ ವೈ ಎಂಬ ಅಂಗೈಯಗಲದ ಸ್ಮಾರ್ಟ್‌ಫೋನು. 2011ರ ಮಾಲು. ಇನ್ನೊಂದು, ಹಲಗಾ-ಬಸ್ತವಾಡದ ಹತ್ತಿರ 127 ಎಕರೆಯಲ್ಲಿ ಎದ್ದು ನಿಂತ ಸುವರ್ಣ ವಿಧಾನಸೌಧ. 2012ರ ಅಕ್ಟೋಬರ್ 11ರಂದು ಆಗಿನ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಬಂದು ಉದ್ಘಾಟಿಸಿದರು. ಎರಡನ್ನೂ ಮಾಡಿದ್ದು ಮಾತಾಡಲಿಕ್ಕೆ.

ಫೋನು ಮಾತು ಬಿಟ್ಟು ಉಳಿದೆಲ್ಲ ಕೆಲಸ ಕಲಿತಿತು. ಸೌಧ ಮಾತು ಬಿಟ್ಟು ಬೇರೇನೂ ಕಲಿಯಲಿಲ್ಲ. ಆ ಮಾತಾದರೂ ವರ್ಷಕ್ಕೊಮ್ಮೆ, ಹೆಚ್ಚಾಗಿ ಚಳಿಗಾಲದಲ್ಲಿ, ಹತ್ತು ದಿನ. 2019 ಮತ್ತು 2020ರಲ್ಲಿ ಅದೂ ಇಲ್ಲ.

ಆ ಫೋನಿನ ಯೋಗ್ಯತೆ ಏನು ಅಂತ ನೋಡಿ. ಮೂರು ಇಂಚಿನ ಪರದೆ, ಎರಡು ಮೆಗಾಪಿಕ್ಸೆಲ್ ಕ್ಯಾಮೆರಾ, ಫ್ಲ್ಯಾಶ್ ಇಲ್ಲ. ಫ್ಲ್ಯಾಶ್ ಇಲ್ಲ ಅಂತ ನಮ್ಮ ಜನ ಧರಣಿ ಕೂತರಾ? ಪರದೆಯನ್ನೇ ಬೆಳ್ಳಗೆ ಮಾಡುವ ಒಂದು ಆ್ಯಪ್ ಹಾಕಿಕೊಂಡರು. ಕರೆಂಟ್ ಹೋದಾಗ ಅದೇ ಬ್ಯಾಟರಿ. ಮದುವೆ ಪಂಕ್ತಿಯಲ್ಲಿ ದೀಪ ಆರಿದರೆ, ಎಲೆಯ ಮೇಲೆ ಬಿದ್ದದ್ದು ಬದನೆಕಾಯಿಯೋ ಮೆಣಸಿನಕಾಯಿಯೋ ಅಂತ ತೀರ್ಮಾನ ಮಾಡಿದ್ದು ಆ ಬೆಳಕೇ. ಇಯರ್‌ಫೋನ್ ಚುಚ್ಚಿದರೆ ಅದರ ವೈರೇ ಆಂಟೆನಾ ಆಗಿ ರೇಡಿಯೊ ಹಾಡುತ್ತಿತ್ತು. ಪಂಪ್‌ಸೆಟ್ ರಿಪೇರಿಗೆ ಬಂದ ಹುಡುಗ ಸ್ಟಾರ್ಟರ್ ಬಿಚ್ಚುವ ಮೊದಲು ಕೆಂಪು, ಹಳದಿ, ನೀಲಿ ವೈರುಗಳದ್ದು ಒಂದು ಫೋಟೊ ಹೊಡೆದಿಟ್ಟುಕೊಳ್ಳುತ್ತಿದ್ದ. ತಿರುಗಿ ಜೋಡಿಸುವಾಗ ಯಾರನ್ನೂ ಕೇಳುವ ಗರಜು ಇಲ್ಲ. ಪರದೆ ಆರಿಸಿದರೆ ಕನ್ನಡಿ. ಅದರಲ್ಲಿ ನೋಡಿಕೊಂಡು ಕುಂಕುಮ ಸರಿ ಮಾಡಿಕೊಂಡ ಹೆಣ್ಣುಮಕ್ಕಳು ಎಷ್ಟೋ.

ಕನ್ನಡ ಮಾತ್ರ ಆಗಿನ ಎಷ್ಟೋ ಫೋನುಗಳಲ್ಲಿ ಚೌಕ ಚೌಕವಾಗಿ ಕಾಣುತ್ತಿತ್ತು. ಮರಾಠಿಯೂ ಅಷ್ಟೇ. ಈ ಊರಿನ ಬೋರ್ಡು ಜಗಳಕ್ಕೆ ಇಷ್ಟು ನ್ಯಾಯವಾದ ಪರಿಹಾರ ಯಾವ ಆಯೋಗಕ್ಕೂ ಹೊಳೆದಿಲ್ಲ.

ವಡಗಾವಿಯ ಒಬ್ಬ ಗೌಂಡಿಯ ವಿಷಯ ಹೇಳಲೇಬೇಕು. ನಮ್ಮ ಪಕ್ಕದ ಮನೆಯ ಬಚ್ಚಲಿಗೆ ಫರಶಿ ಹಾಕಲು ಬಂದಿದ್ದ. ಚೀಲದಲ್ಲಿ ಕರಣೆ ಇತ್ತು, ದಾರ ಇತ್ತು, ನೆಲ ಸಮ ಇದೆಯೋ ಅಂತ ನೋಡುವ ರಸಮಟ್ಟ ಇರಲಿಲ್ಲ. "ಬಿದ್ದು ಒಡೀತ್ರೀ ಸಾಹೇಬ್ರ, ಇದರಾಗ ನೋಡ್ತೇನಿ" ಅಂದವನೇ ಕಿಸೆಯಿಂದ ಹಳೇ ಫೋನು ತೆಗೆದ. ಗಾಜಿಗೆ ಅಡ್ಡಡ್ಡ ಬಿರುಕು, ಹಿಂದಿನ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್. ಬೆನ್ನು ಉಬ್ಬಿದ್ದರಿಂದ ಅಂಗಾತ ಇಡದೆ, ಅಂಚಿನ ಮೇಲೆ ನಿಲ್ಲಿಸಿದ. ಪರದೆ ಮೇಲೆ ಹಸಿರು ಕೊಳವೆ, ಒಳಗೊಂದು ಗುಳ್ಳೆ. ಒಳಗೆ ರಸವೂ ಇಲ್ಲ, ಗಾಳಿಯೂ ಇಲ್ಲ. ಫೋನು ತಿರುಗಿಸಿದರೆ ಚಿತ್ರವೂ ತಿರುಗಲಿ ಅಂತ ಕಂಪನಿಯವರು ಭೂಮಿಯ ಸೆಳೆತ ಗೊತ್ತಾಗುವ ಒಂದು ಚೂರು ಇಟ್ಟಿರುತ್ತಾರೆ. ಗುಳ್ಳೆಯನ್ನು ಕುಣಿಸುವುದು ಅದೇ. ಗುಳ್ಳೆ ಮೋರಿ ಕಡೆಗೆ ಓಡಿತು. "ಅಲ್ಲೆ ಎತ್ತರ ಆಗೇತಿ" ಅಂತ ರಬ್ಬರ್ ಸುತ್ತಿಗೆಯಿಂದ ಎರಡು ಸಲ ಮೆಲ್ಲಗೆ ತಟ್ಟಿದ. ಗುಳ್ಳೆ ನಡುವೆ ಬಂತು. ಇನ್ನೊಂದು ಸಲ ತಟ್ಟಿದ. ಗುಳ್ಳೆ ಕೂದಲೆಳೆಯಷ್ಟು ಬಾಗಿಲ ಕಡೆ ಸರಿಯಿತು. "ಈಗ ನೀರು ತಾನ ಮೋರಿಗೆ ಹೋಕ್ಕೈತಿ ನೋಡ್ರಿ." ಒಂದು ತಂಬಿಗೆ ನೀರು ಸುರಿದ. ಹೋಯಿತು. ನಮ್ಮ ಓಣಿಯ ಗಟಾರಕ್ಕೆ ಇಷ್ಟು ಬುದ್ಧಿ ಇಂದಿಗೂ ಬಂದಿಲ್ಲ.

ಜನಪ್ರತಿನಿಧಿಗಳು ಸ್ಮಾರ್ಟ್‌ಫೋನಿಗೆ ಕಂಡುಕೊಂಡ ಉಪಯೋಗವನ್ನೂ ಮರೆಯಬಾರದು. 2012ರ ಫೆಬ್ರವರಿಯಲ್ಲಿ, ಬೆಂಗಳೂರಿನ ವಿಧಾನಸಭೆ ನಡೆಯುತ್ತಿದ್ದಾಗಲೇ ಮೊಬೈಲಿನಲ್ಲಿ ಅಶ್ಲೀಲ ವಿಡಿಯೊ ನೋಡಿದ ಪ್ರಕರಣ ಎದ್ದು ಮೂವರು ಮಂತ್ರಿಗಳು ರಾಜೀನಾಮೆ ಕೊಟ್ಟರು. ಗೌಂಡಿಯ ಫೋನಿಗಿಂತ ಅವರ ಫೋನು ದುಬಾರಿಯದೇ ಇದ್ದೀತು. ಅದರಲ್ಲಿ ರಸಮಟ್ಟ ಇತ್ತೋ ಇಲ್ಲವೋ, ಮಟ್ಟವಂತೂ ಟೀವಿಯಲ್ಲಿ ಇಡೀ ರಾಜ್ಯಕ್ಕೆ ಕಂಡಿತು. ಎಂಟು ತಿಂಗಳಿಗೆ ನಮ್ಮ ಸೌಧದ ಉದ್ಘಾಟನೆ.

ಇನ್ನೊಂದು ಮಾತು. 2007ರ ಮೊದಲ ಐಫೋನಿನಲ್ಲಿ ಕಾಪಿ-ಪೇಸ್ಟ್ ಇರಲಿಲ್ಲ. 2009ರವರೆಗೆ ಜನ ಕಾದರು. ನಮ್ಮ ಸೌಧದಲ್ಲಿ ಆ ಸೌಲಭ್ಯ ಮೊದಲ ದಿನದಿಂದಲೇ ಇದೆ. ಉತ್ತರ ಕರ್ನಾಟಕದ ಚರ್ಚೆ ಅಂತ ಪ್ರತಿ ಅಧಿವೇಶನದಲ್ಲಿ ಏಳುವುದು ಹಿಂದಿನ ಅಧಿವೇಶನದ್ದೇ. ಮಹದಾಯಿ, ಕೃಷ್ಣಾ ಮೇಲ್ದಂಡೆ, ಕಬ್ಬಿನ ಬಾಕಿ. ತಾರೀಖು ಮಾತ್ರ ಬದಲು. ಅಷ್ಟರಲ್ಲಿ ಕೊಂಡಸಕೊಪ್ಪದ ಪೆಂಡಾಲಿನಲ್ಲಿ ಕೂತ ಧರಣಿಯವರು ಒಂದು ಸ್ವಿಚ್ ಬೋರ್ಡಿಗೆ ಐದಾರು ಚಾರ್ಜರ್ ಸಿಕ್ಕಿಸಿ ಮಂತ್ರಿಗಳ ದಾರಿ ಕಾಯುತ್ತಿರುತ್ತಾರೆ. ಫೋನು ಫುಲ್ ಚಾರ್ಜ್ ಆಗುತ್ತದೆ. ಮಂತ್ರಿಗಳು ಬಂದು ಮನವಿ ಪತ್ರ ಇಸಿದುಕೊಂಡು, ಫೋಟೊ ತೆಗೆಸಿಕೊಂಡು ಹೋಗುತ್ತಾರೆ.

ಉಳಿದ ದಿನ ಸೌಧಕ್ಕೆ ಏನು ಕೆಲಸ? ಕಚೇರಿಗಳನ್ನು ಇಲ್ಲಿಗೆ ತರುತ್ತೇವೆ ಅಂತ ಹೇಳುತ್ತ ಬಂದ ಸರ್ಕಾರಗಳು ಒಂದೆರಡಲ್ಲ. ದೊಡ್ಡ ಸಾಹೇಬರುಗಳಿಗೆ ಬೆಂಗಳೂರಿನ ಸಿಗ್ನಲ್ ಬಿಟ್ಟು ಬರಲಿಕ್ಕೆ ಮನಸ್ಸಿಲ್ಲ. ಆ ಕಟ್ಟಡಕ್ಕೆ ಒಂದು ನಿಜವಾದ ಉಪಯೋಗ ಕಂಡುಹಿಡಿದದ್ದು 2022ರಲ್ಲಿ. ಯಾರೋ ಅದರ ಎದುರು ಶಾವಿಗೆ, ಹಪ್ಪಳ ಒಣಹಾಕಿದ್ದರು. ನೆಲ ಸ್ವಚ್ಛ, ಬಿಸಿಲು ಧಾರಾಳ, ದನಕರುಗಳ ಕಾಟ ಇಲ್ಲ. ಬೇಸಿಗೆಯಲ್ಲಿ ಬೆಳಗಾವಿಯ ಯಾವ ಮಾಳಿಗೆಗೂ ಇಷ್ಟು ಅನುಕೂಲ ಇಲ್ಲ. ಆದರೆ ಯಾರದೋ ಫೋನು ಫೋಟೊ ಹೊಡೆಯಿತು, ಫೋಟೊ ಊರೂರು ತಿರುಗಿತು, ಸೌಧದ ಘನತೆ ಹೋಯಿತು ಅಂತ ಗದ್ದಲವಾಯಿತು. ವರ್ಷದ ಮುನ್ನೂರೈವತ್ತು ದಿನ ಸದನ ಖಾಲಿ ಬಿಟ್ಟರೆ ಹೋಗದ ಘನತೆ ಶಾವಿಗೆಗೆ ಹೋಯಿತು, ನೋಡಿ.

ಮೊನ್ನೆ ಆ ಗೌಂಡಿ ಮತ್ತೆ ಸಿಕ್ಕಿದ್ದ. ಅದೇ ಫೋನು, ಅದೇ ರಬ್ಬರ್ ಬ್ಯಾಂಡ್. "ಏನಪ್ಪಾ, ಸೌಧದ ಫರಶಿ ಮಟ್ಟ ಐತೋ ಇಲ್ಲೋ ಒಮ್ಮೆ ನೋಡಬಾರದಾ" ಅಂದೆ.

"ನೋಡಬಹುದ್ರೀ ಸಾಹೇಬ್ರ" ಅಂದ. "ಅಧಿವೇಶನ ಇದ್ದಾಗ ಮಾತ್ರ ಬ್ಯಾಡ್ರಿ. ಆ ಕಡಿಯವ್ರು ಈ ಕಡಿಗೆ, ಈ ಕಡಿಯವ್ರು ಆ ಕಡಿಗೆ ಜಿಗ್ಯಾಕ ಹತ್ತಿದ್ರ ಗುಳ್ಳಿ ಒಂದ ಕಡೆ ನಿಲ್ಲೂದಿಲ್ರಿ."