ಕಲ್ಲಣಬೆ ತಿನ್ನಿ, ಗುಡ್ಡೆ ಅಗೀಬೇಡಿ ಮಾರಾಯ್ರೆ

ಮೊದಲ ಮಳೆ ಬಿದ್ದು ನಾಲ್ಕು ಗುಡುಗು ಕೇಳಿದ್ದೇ ತಡ, ಫ್ಯಾಮಿಲಿ ಗ್ರೂಪಲ್ಲಿ ಕಲ್ಲಣಬೆ (ಮಣ್ಣಲ್ಲಿ ಗುಂಡಗೆ ಬೆಳೆಯುವ ಕಾಡಣಬೆ) ಫೋಟೋ ಶುರು. ನಮ್ಮ ದೊಡ್ಡಮ್ಮನ ಮಗ ಅಣ್ಣ ಅರ್ಧ ಬಕೆಟ್ ತಂದಿದ್ದ. ದೊಡ್ಡಮ್ಮ ಮೂರು ನೀರಲ್ಲಿ ಮಣ್ಣು ತೊಳೆದು ಒಂದೊಂದನ್ನೇ ಎರಡು ಹೋಳು ಮಾಡ್ತಾ ಕೂತ್ರು, ಒಳಗೆ ಬೆಳ್ಳಗಿದ್ರೆ ಪಾತ್ರೆಗೆ, ಕಪ್ಪಾಗಿದ್ರೆ ಗೊಬ್ಬರದ ಗುಂಡಿಗೆ. ಬಲಿತದ್ದಲ್ವಾ ದೊಡ್ಡಮ್ಮ, ಯಾಕೆ ಬಿಸಾಡ್ತೀರಿ ಅಂದೆ. "ಬಲಿತದ್ದೋ ಬೇರೆ ಜಾತಿಯೋ, ನೀನೇ ತಿಂದು ಹೇಳು" ಅಂದ್ರು.

ಅವರ ಮಾತು ಸರಿಯೇ. ಸ್ಕ್ಲಿರೋಡರ್ಮಾ ಅಂತ ಒಂದು ವಿಷದ ಅಣಬೆ ಉಂಟು, ಹೊರಗಿಂದ ಇದೇ ಥರ ಗುಂಡಗೆ, ಒಳಗೆ ಬೇಗ ನೇರಳೆಗಪ್ಪು ಆಗ್ತದೆ, ತಿಂದ್ರೆ ವಾಂತಿಭೇದಿ. ಹಾಗಂತ ಬಿಳಿ ಇದ್ರೆ ಸೇಫ್ ಅಂತ ಇದನ್ನು ಓದಿ ಹೊರಡ್ಬೇಡಿ, ತೀರ ಎಳೆಯದಿರುವಾಗ ಅದೂ ಬೆಳ್ಳಗೇ ಇರ್ತದೆ, ಗೊತ್ತಿದ್ದವರ ಜೊತೆಗೇ ಹೋಗಿ. (ಫೋಟೋ ನೋಡಿ ಗುರುತಿಸುವ ನನ್ನ ಫೋನಿನ ಆ್ಯಪ್ ಕಲ್ಲಣಬೆಯನ್ನು ಆಲೂಗಡ್ಡೆ ಅಂತು!)

ನಮ್ಮ ಕಲ್ಲಣಬೆ ಅಂದ್ರೆ ತುಳುವಿನ ಕಲ್ಲಲಾಂಬು, ಜಾರ್ಖಂಡಲ್ಲಿ ಸಾಲ್ ಮರದ ಅಡಿ ಸಿಗುವ ರುಗ್ಡಾ, ಎಲ್ಲ ಆಸ್ಟ್ರಿಯಸ್ ಅನ್ನೋ ಅಣಬೆ ಕುಲದ್ದೇ. ಹಿಂದೆ ಇವಕ್ಕೆಲ್ಲ ಹೈಗ್ರೊಮೆಟ್ರಿಕಸ್ ಅಂತ ಒಂದೇ ಜಾತಿಯ ಹೆಸರು, 2004ರಲ್ಲಿ ಥಾಯ್ಲೆಂಡಿಂದ ಒಡೊರೇಟಸ್ ಅಂತ ಬೇರೆ ಜಾತಿ ಗುರುತಿಸಿದ್ರು, ಆಮೇಲೆ ನಮ್ಮ ಕರಾವಳಿಯಲ್ಲೂ ಎರಡೂ ಉಂಟು ಅಂತ ಮಂಗಳೂರು ಯೂನಿವರ್ಸಿಟಿಯವರು ಬರೆದ್ರು. ಬಲಿತಾಗ ಸಿಪ್ಪೆ ನಕ್ಷತ್ರದ ಹಾಗೆ ಬಿರೀತದೆ. ಹೈಗ್ರೊಮೆಟ್ರಿಕಸಿನ ಎಸಳು ಒದ್ದೆಯಾದ್ರೆ ಬಿಚ್ಚಿ, ಒಣಗಿದ್ರೆ ಮಡಚಿಕೊಳ್ತದೆ, ನಡುವಿನ ಚೀಲದಿಂದ ಕಂದು ಪುಡಿ ಹಾರ್ತದೆ. ಆ ಪುಡಿಯೇ ಬೀಜ ಅಂತಿಟ್ಟುಕೊಳ್ಳಿ.

"ಚಿಪ್ಪಣಬೆ ಹಾಗೆ ಬೈಹುಲ್ಲಲ್ಲಿ ಬೆಳೆಸಿದ್ರಾಯ್ತು" ಅಂತ ಹೇಳೋರಿಗೆ: ಆಗೋದಿಲ್ಲ. ಇದು ಕಿರಾಲುಬೋಗಿಯಂಥ ಮರದ ಬೇರಿಗೆ ಸುತ್ತಿಕೊಂಡೇ ಬದುಕೋದು, ಮರ ಸಕ್ಕರೆ ಕೊಡ್ತದೆ, ಇದು ನೀರು, ರಂಜಕ ಎಳೆದು ಮರಕ್ಕೆ ಕೊಡ್ತದೆ. ಮರ ಹೋದ್ರೆ ಅಣಬೆಯೂ ಹೋಯ್ತು.

ನನ್ನ ಸಿಟ್ಟು ಪಿಕ್ಕಾಸಿನ ಮೇಲೆ. ಅಜ್ಜಿ ಕಾಲದಲ್ಲಿ ತರಗೆಲೆ ಸರಿಸಿ ಕೋಲಲ್ಲಿ ಕೆರೆದು ಹೆಕ್ತಿದ್ರು. ಈಗ ಸೇರಿಗೆ ಸಿಗೋ ರೇಟು ನೋಡಿ ಬೇರಿನ ಸಮೇತ ಅಗೀತಾರೆ, ಅದರಲ್ಲಿ ನೂಲಿನ ಥರದ ಶಿಲೀಂಧ್ರ ಜಾಲವೂ ಕಿತ್ತು ಹೋಗ್ತದೆ. ಮೊದಲೇ ಅಣ್ಣ ಹೆಕ್ಕುವ ಗುಡ್ಡೆ ಅರ್ಧ ರಬ್ಬರ್ ತೋಟ, ಕಾಲು ಭಾಗ ಸೈಟು. ಕಾನೂನು ನೋಡೋಣ ಅಂದ್ರೆ 1972ರ ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿ ಪ್ರಾಣಿ ಉಂಟು, ಕೆಲವು ಗಿಡ ಉಂಟು, ಅಣಬೆ ಒಂದೂ ಇಲ್ಲ. ಹಾಗಾಗಿ ಸದ್ಯಕ್ಕೆ ಹೆಕ್ಕುವವರೇ ಗತಿ: ಕೋಲು ಸಾಕು, ಕೆರೆದಲ್ಲಿ ತರಗೆಲೆ ವಾಪಸ್ ಮುಚ್ಚಿ, ಬಿರಿದದ್ದನ್ನು ಅಲ್ಲೇ ಬಿಡಿ.

ಇದನ್ನೇ ಗ್ರೂಪಲ್ಲೂ ಹಾಕಿದೆ. ಅಣ್ಣ ಥಂಬ್ಸ್ ಅಪ್ ಕೊಟ್ಟಿದ್ದಾನೆ. ಪಿಕ್ಕಾಸು ಇನ್ನೂ ಅವನ ಕಾರಿನ ಡಿಕ್ಕಿಯಲ್ಲೇ ಉಂಟು.