ಪರ-ವಿರೋಧ: ಅನುದಾನವನ್ನು ಷರತ್ತಿಲ್ಲದೆ ಕೊಡಬೇಕೇ?

ಪರ: ಕೊಟ್ಟ ಮೇಲೆ ನಂಬಿ

ಖಂಡಿತ ಕೊಡಬೇಕು. 'ಈ ದುಡ್ಡು ಯೋಜನೆಗೆ ಮಾತ್ರ, ಸಂಬಳಕ್ಕೆ, ಬಾಡಿಗೆಗೆ ಮುಟ್ಟಬೇಡಿ' ಅನ್ನುತ್ತವೆ, ಸೇವಾ ಸಂಸ್ಥೆಗಳಿಗೆ ಹಣ ಕೊಡುವ ಪ್ರತಿಷ್ಠಾನಗಳು. ಹಾಗಾದರೆ ಯೋಜನೆ ನಡೆಸುವವರು ಗಾಳಿ ಕುಡಿದು ಬದುಕಬೇಕಾ?

ನಾನು ಒಂದು ಸಣ್ಣ ಸಂಸ್ಥೆಯಲ್ಲಿ ಲೆಕ್ಕ ಬರೆಯುತ್ತಿದ್ದೆ. ನನ್ನೊಬ್ಬನ ಸಂಬಳವನ್ನೇ ನಾಲ್ಕು ದಾನಿಗಳ ಖಾತೆಗೆ ತುಂಡು ಮಾಡಿ ತೋರಿಸಬೇಕಿತ್ತು. ಒಂದು ವರ್ಷ 'ತರಬೇತಿ' ಬಾಬ್ತಿನಲ್ಲಿ ಹಣ ಉಳಿಯಿತು. ಅತ್ತ ಕಾರ್ಯಕರ್ತೆಯರ ಸಂಬಳ ಬಾಕಿ. ಈ ಬಾಬ್ತಿನಿಂದ ಆ ಬಾಬ್ತಿಗೆ ಬದಲಿಸಲು ಅನುಮತಿ ಕೇಳಿದೆವು, ಉತ್ತರವೇ ಬರಲಿಲ್ಲ. ಉಳಿದರೆ ವಾಪಸ್ ಕೊಡಬೇಕಲ್ಲ, ಅದೇ ಕಾರ್ಯಕರ್ತೆಯರನ್ನು ಕೂರಿಸಿ, ಅವರಿಗೆ ಬಾಯಿಪಾಠವಾಗಿದ್ದ ವಿಷಯವನ್ನೇ ಮತ್ತೆ ಹೇಳಿಸಿದೆವು. ಬ್ಯಾನರ್ ಕಟ್ಟಿದೆವು, ಫೋಟೊ ತೆಗೆದೆವು. ಊಟ ಚೆನ್ನಾಗಿತ್ತು. ಸಂಬಳ ಮಾತ್ರ ಬರಲಿಲ್ಲ. ವರದಿಯಲ್ಲಿ ಗುರಿ ನೂರಕ್ಕೆ ನೂರು ಸಾಧನೆ!

ಷರತ್ತು ಹಾಕಿದರೆ ಕೆಲಸ ಚೆನ್ನಾಗಿ ಆಗುತ್ತದೆ ಅನ್ನುವವರು ಇಂಥ ವರದಿಗಳನ್ನೇ ಓದಿಕೊಂಡು ಕೂತಿರುತ್ತಾರೆ. ಅಮೆರಿಕದ ಶ್ರೀಮಂತ ದಾನಿ ಮೆಕೆಂಜಿ ಸ್ಕಾಟ್ 2020ರಿಂದ 1,400 ಕೋಟಿ ಡಾಲರ್‌ಗಿಂತ ಜಾಸ್ತಿ ಕೊಟ್ಟಿದ್ದಾರೆ. ಹೇಗೆ ಬೇಕೋ ಹಾಗೆ ಬಳಸಿ ಅಂದಿದ್ದಾರೆ. ಫೋರ್ಡ್ ಪ್ರತಿಷ್ಠಾನವೂ 'ಬಿಲ್ಡ್' ಯೋಜನೆಯಲ್ಲಿ ಐದು ವರ್ಷಕ್ಕೆ ಸಡಿಲವಾದ ಅನುದಾನ ಕೊಟ್ಟಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಮೋಸ ಮಾಡುವವರ ಕತೆ ಏನು ಅಂತೀರಾ? ಮೋಸ ಮಾಡುವವನಿಗೆ ಫಾರಂ ತುಂಬಲು ಬರಲ್ವಾ?

ವಿರೋಧ: ಕೇಳೋದು ತಪ್ಪಲ್ಲ

ವಿರೋಧದ ಕಡೆ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಫಾರಂಗಳು ಉದ್ದ ಅನ್ನೋದು ನನಗೂ ಗೊತ್ತು. ಆದರೆ ಚೆಕ್ ಎಸೆದು ಬೆನ್ನು ತಿರುಗಿಸೋದೇ ನಂಬಿಕೆ ಅಂದರೆ ಒಪ್ಪಲಾರೆ.

'ಪ್ಲೇಪಂಪ್' ನೆನಪಿದೆಯಾ? ಮಕ್ಕಳು ಸುತ್ತುವ ಆಟದ ಚಕ್ರದಿಂದಲೇ ನೀರು ಮೇಲೆ ಬರುತ್ತದೆ ಎಂದರು. 2006ರಲ್ಲಿ ಅಮೆರಿಕದಲ್ಲಿ ಇದಕ್ಕೆ 1.64 ಕೋಟಿ ಡಾಲರ್ ಘೋಷಣೆಯಾಯಿತು. ಆಫ್ರಿಕಾದ ಎಷ್ಟೋ ಹಳ್ಳಿಗಳಲ್ಲಿ ಇದ್ದ ಕೈಪಂಪ್ ಕಿತ್ತು ಇದನ್ನು ಹಾಕಿದರು. ಮಕ್ಕಳು ಇಡೀ ದಿನ ಆಡ್ತಾರಾ? ಕೊನೆಗೆ ಹೆಂಗಸರು ಆ ಚಕ್ರವನ್ನು ಕೈಯಿಂದ ತಿರುಗಿಸಬೇಕಾಯಿತು. ಮೊದಲು ನಾಲ್ಕು ಹಳ್ಳಿಯಲ್ಲಿ ಇಟ್ಟು ನೋಡಿ, ಆಮೇಲೆ ಮುಂದಿನ ಕಂತು ಎಂಬ ಷರತ್ತು ಇದ್ದಿದ್ದರೆ ಗೊತ್ತಾಗುತ್ತಿತ್ತು.

ಇನ್ನೊಂದು ಮಾತು. ಪ್ರತಿಷ್ಠಾನಗಳಿಗೆ ತೆರಿಗೆ ರಿಯಾಯಿತಿ ಸಿಗುತ್ತದೆ. ಅಂದರೆ ಅದರಲ್ಲಿ ಜನರ ದುಡ್ಡೂ ಸ್ವಲ್ಪ ಇದೆ. ಲೆಕ್ಕ ಕೇಳಲೇಬೇಕು. ಸಂಬಳಕ್ಕೆ ಕೊಡಬೇಡಿ ಅಂತ ನಾನೂ ಹೇಳಲ್ಲ. ಕೊಡಲಿ, ಎರಡು ಪುಟದ ಲೆಕ್ಕ ಕೇಳಲಿ, ಬಂದದ್ದನ್ನು ಯಾರಾದರೂ ಓದಲಿ.