ಸಲಹೆ 15 ಸಾವಿರ, ಕೋಟಾ 29 ಸಾವಿರದ 500, ಪ್ರಭಾವ ನೂರಕ್ಕೆ ನೂರು

ಕಡಲ ವಿಜ್ಞಾನಿಯ ಮಾತು ಸರ್ಕಾರಗಳ ಕಿವಿಗೆ ಬಿತ್ತೇ ಎಂದು ಅಳೆಯುವುದು ಈಗ ಬಲು ಸಲೀಸು. ಓವರ್ಟನ್, ಆಲ್ಟ್‌ಮೆಟ್ರಿಕ್ ಎಂಬ ದತ್ತಾಂಶ ಕಣಜಗಳಿವೆ. ಸರ್ಕಾರಿ ದಾಖಲೆಗಳನ್ನು ಜಾಲಾಡಿ, ನಿಮ್ಮ ಪ್ರಬಂಧದ ಹೆಸರು ಎಲ್ಲೆಲ್ಲಿ ಬಂದಿದೆ ಎಂದು ಎಣಿಸಿ ಕೊಡುತ್ತವೆ. ಹೆಸರು ಹೇಳಿದವರು ಸಲಹೆಯನ್ನು ತಲೆ ಮೇಲೆ ಹೊತ್ತರೋ ಕಸದ ಬುಟ್ಟಿಗೆ ಹಾಕಿದರೋ ಎಂಬುದು ಆ ಎಣಿಕೆಗೆ ಬೇಡದ ವಿಚಾರ.

ಈ ಅಳತೆಗೋಲನ್ನು ಅಟ್ಲಾಂಟಿಕ್ ಬ್ಲೂಫಿನ್ ಟ್ಯೂನಾ ಎಂಬ ಮೀನಿನ ಮೇಲೆ ಇಟ್ಟು ನೋಡಬೇಕು. ಇದರ ಉಸ್ತುವಾರಿ ಮ್ಯಾಡ್ರಿಡ್‌ನಲ್ಲಿ ಕಚೇರಿಯುಳ್ಳ ಐಕ್ಯಾಟ್ ಎಂಬ ಅಂತರರಾಷ್ಟ್ರೀಯ ಆಯೋಗದ್ದು. 2006ರಲ್ಲಿ ಆಯೋಗದ್ದೇ ವಿಜ್ಞಾನಿಗಳ ಸಮಿತಿ, ಪೂರ್ವ ಅಟ್ಲಾಂಟಿಕ್ ಮತ್ತು ಮೆಡಿಟರೇನಿಯನ್‌ನಲ್ಲಿ ವರ್ಷಕ್ಕೆ ಸುಮಾರು 15,000 ಟನ್ ಮೀರಬೇಡಿ ಎಂದಿತು. ಡುಬ್ರೊವ್ನಿಕ್‌ನಲ್ಲಿ ಸೇರಿದ ಸದಸ್ಯ ರಾಷ್ಟ್ರಗಳು ಚರ್ಚಿಸಿ, ಚಿಂತಿಸಿ, 2007ಕ್ಕೆ 29,500 ಟನ್ ಎಂದು ನಿಗದಿ ಮಾಡಿದವು. ನಿರ್ಣಯದ ಹೆಸರು: 15 ವರ್ಷಗಳ ಚೇತರಿಕೆ ಯೋಜನೆ. ಚೇತರಿಸಿಕೊಳ್ಳಬೇಕಾದದ್ದು ಮೀನೋ ದೋಣಿಮಾಲೀಕರೋ ಎಂದು ಯಾರೂ ಕೇಳಲಿಲ್ಲ. ಪೀಠಿಕೆಯಲ್ಲಿ ಮಾತ್ರ ವಿಜ್ಞಾನಿಗಳ ಎಚ್ಚರಿಕೆಯನ್ನು ಭಕ್ತಿಯಿಂದ ಸ್ಮರಿಸಲಾಗಿದೆ. ದೇವರ ಹೆಸರು ಮೇಲೆ ಬರೆದು ಕೆಳಗೆ ಸುಳ್ಳು ಲೆಕ್ಕ ಬರೆಯುವ ಅಂಗಡಿ ಪುಸ್ತಕದ ಸಂಪ್ರದಾಯ ಇದು. ಉಲ್ಲೇಖ ಎಣಿಸುವವರಿಗೆ ಇಷ್ಟು ಸಾಕು, ವಿಜ್ಞಾನ ನೀತಿಯೊಳಗೆ ಹೊಕ್ಕಾಯಿತು.

2007ರಲ್ಲಿ ನಿಜಕ್ಕೂ ಹಿಡಿದದ್ದು ಸುಮಾರು 61,000 ಟನ್ ಇರಬೇಕು ಎಂದು ಅದೇ ಸಮಿತಿ ಆಮೇಲೆ ಅಂದಾಜಿಸಿತು. ಅಂದಾಜು ಏಕೆಂದರೆ, ಈ ಮೀನಿನ ಬಹುಪಾಲು ಆಗ ನೇರವಾಗಿ ದಡಕ್ಕೇ ಬರುತ್ತಿರಲಿಲ್ಲ. ಸುತ್ತುಬಲೆಗೆ ಬಿದ್ದ ಹಿಂಡನ್ನು ನೀರೊಳಗೇ ದೊಡ್ಡ ಪಂಜರಕ್ಕೆ ದಾಟಿಸಿ, ಪಂಜರವನ್ನು ಆಮೆವೇಗದಲ್ಲಿ ವಾರಗಟ್ಟಲೆ ಎಳೆದೊಯ್ದು, ಕೊಬ್ಬಿಸುವ ಕೇಂದ್ರದಲ್ಲಿ ತಿಂಗಳುಗಟ್ಟಲೆ ತಿನ್ನಿಸಿ ಮಾರುವುದು ಪದ್ಧತಿ. ತಕ್ಕಡಿಗೆ ಏರುವುದು ಕೊಬ್ಬಿದ ಮೀನು, ಕೋಟಾ ಇರುವುದು ಹಿಡಿದಾಗಿನ ತೂಕಕ್ಕೆ. ನಡುವೆ ಇದ್ದ ಸಾಕ್ಷಿ ಎಂದರೆ ಮುಳುಗುಗಾರನೊಬ್ಬ ತೆಗೆದ ವಿಡಿಯೊ. ಅದರಲ್ಲಿ ಮೀನಿನ ತಲೆ ಎಣಿಸಬಹುದೇ ಹೊರತು ಉದ್ದ ತಿಳಿಯದು, ಉದ್ದ ತಿಳಿಯದೆ ತೂಕ ತಿಳಿಯದು. ಎರಡು ಕಣ್ಣಿನ ಸ್ಟೀರಿಯೊ ಕ್ಯಾಮೆರಾ ಕಡ್ಡಾಯವಾದದ್ದು ವರ್ಷಗಳ ನಂತರ.

2008ರಲ್ಲಿ ಐಕ್ಯಾಟ್ ಹೊರಗಿನ ತಜ್ಞರನ್ನು ಕರೆದು ತನ್ನ ಕೆಲಸವನ್ನೇ ಪರಿಶೀಲಿಸಲು ಹೇಳಿತು. ಈ ಮೀನುಗಾರಿಕೆಯ ನಿರ್ವಹಣೆ ಅಂತರರಾಷ್ಟ್ರೀಯ ನಾಚಿಕೆಗೇಡು ಎಂದ ಅವರು, ತಕ್ಷಣ ನಿಲ್ಲಿಸಿ ಎಂದರು. ವಿಜ್ಞಾನಿಗಳು 8,500ರಿಂದ 15,000 ಟನ್ ಎಂದರು. ಆಯೋಗ ಮರಾಕೇಶ್‌ನಲ್ಲಿ ಕೂತು 2009ಕ್ಕೆ 22,000 ಎಂದಿತು. ಛೀಮಾರಿಗೆ ಕಿವಿಗೊಡಲಿಲ್ಲ ಎನ್ನುವಂತಿಲ್ಲ, 29,500ರಿಂದ ಇಳಿದಿದ್ದಾರಲ್ಲ.

ಕೊನೆಗೆ ಆಯೋಗ ಬೆಚ್ಚಿದ್ದು ಮಾರಾಟವೇ ನಿಂತೀತು ಎಂಬ ಭಯಕ್ಕೆ. ಈ ಮೀನಿನ ಅಂತರರಾಷ್ಟ್ರೀಯ ವ್ಯಾಪಾರವನ್ನೇ ನಿಷೇಧಿಸೋಣ ಎಂದು ಪುಟಾಣಿ ಮೊನಾಕೊ, ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದಡಿ ಪ್ರಸ್ತಾಪ ಇಟ್ಟಿತು. 2009ರ ನವೆಂಬರ್‌ನಲ್ಲಿ ಕೋಟಾ ಥಟ್ಟನೆ 13,500ಕ್ಕೆ ಇಳಿಯಿತು, ವಿಜ್ಞಾನಿಗಳ ಮಿತಿಯೊಳಗೆ! ಮುಂದಿನ ಮಾರ್ಚ್‌ನಲ್ಲಿ ದೋಹಾದಲ್ಲಿ ಪ್ರಸ್ತಾಪ ಬಿದ್ದುಹೋಯಿತು. ಮತದಾನದ ಹಿಂದಿನ ರಾತ್ರಿ ಜಪಾನ್ ರಾಯಭಾರ ಕಚೇರಿ ಅತಿಥಿಗಳಿಗೆ ಉಣಬಡಿಸಿದ್ದು ಬ್ಲೂಫಿನ್ನನ್ನೇ. ಆದರೂ ಕೋಟಾ ಕೆಲವು ವರ್ಷ ಕೆಳಗೇ ಉಳಿಯಿತು, ಮೀನು ಹೆಚ್ಚಿತು. 2021ರಲ್ಲಿ ಐಯುಸಿಎನ್ ಎಂಬ ಪ್ರಕೃತಿ ಸಂರಕ್ಷಣಾ ಸಂಸ್ಥೆ ಇದನ್ನು ಅಳಿವಿನ ಅಪಾಯದ ಪಟ್ಟಿಯಿಂದ ಕೆಳಗಿಳಿಸಿತು.

ಈಗ ಶ್ರೇಯಸ್ಸು ಯಾರಿಗೆ? ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಇದು ಹಣದ ಪ್ರಶ್ನೆ. ಸರ್ಕಾರಿ ಅನುದಾನ ಹಂಚಲು ಬಳಸುವ ಅಲ್ಲಿನ ರೆಫ್ ಎಂಬ ಸಂಶೋಧನಾ ಮೌಲ್ಯಮಾಪನದಲ್ಲಿ, ಸಂಶೋಧನೆ ಹೊರಜಗತ್ತಿನ ಮೇಲೆ ಬೀರಿದ ಪ್ರಭಾವಕ್ಕೆ 2014ರಲ್ಲಿ ಶೇ. 20, 2021ರಲ್ಲಿ ಶೇ. 25 ಅಂಕ. ನಾಲ್ಕೈದು ಪುಟಗಳಲ್ಲಿ ಕಥನ ಬರೆದು, ಹೌದು ಇವರಿಂದಲೇ ಆಯಿತು ಎಂಬುದಕ್ಕೆ ಪುರಾವೆ ಲಗತ್ತಿಸಬೇಕು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದರೆ ಸಾಲದು, ಕಾಗೆಯೇ ಮುರಿದದ್ದು ಎಂದು ಕೊಂಬೆಯಿಂದ ಪತ್ರ ತರಬೇಕು. 2014ರ ಮೌಲ್ಯಮಾಪನಕ್ಕೆ ಪ್ರಭಾವ ಕಾಣಿಸಿಕೊಳ್ಳಬೇಕಾಗಿದ್ದದ್ದು 2008ರ ಜನವರಿಯಿಂದ 2013ರ ಜುಲೈ ಒಳಗೆ. ಬ್ಲೂಫಿನ್ ಸುಮಾರು 40 ವರ್ಷ ಬದುಕಬಲ್ಲದು. ಸಂಶೋಧಕರ ಅನುಕೂಲಕ್ಕೆ ಐದೂವರೆ ವರ್ಷದಲ್ಲಿ ಚೇತರಿಸಿಕೊಳ್ಳುವ ಸೌಜನ್ಯ ಅದಕ್ಕಿರಬೇಕಿತ್ತು. ಇನ್ನು, ಕೆಟ್ಟ ನಿರ್ಧಾರವೊಂದನ್ನು ತಡೆದ ವಿಜ್ಞಾನಿಗೆ ತೋರಿಸಲು ಏನೂ ಇರುವುದಿಲ್ಲ. ನಡೆಯದ ಅನಾಹುತಕ್ಕೆ ದಾಖಲೆ ಸಂಖ್ಯೆ ಎಲ್ಲಿಂದ ತರುವುದು?

ನಮ್ಮಲ್ಲಿ ಇಷ್ಟೆಲ್ಲ ತಾಪತ್ರಯ ಇಲ್ಲ. ಎಲ್‌ಇಡಿ ದೀಪ ಉರಿಸಿ ಮೀನು ಸೆಳೆದು ಹಿಡಿಯುವ ಮೀನುಗಾರಿಕೆಯನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲೇ ನಿಷೇಧಿಸಿದೆ. ಆದೇಶ ಹೊರಟಿತು, ದಿನಾಂಕ ಇದೆ, ಸಹಿ ಇದೆ. ಯಾವ ಪ್ರಭಾವದ ಅರ್ಜಿಗೂ ಧಾರಾಳವಾಗಿ ಲಗತ್ತಿಸಬಹುದು. ಅದನ್ನು ಜಾರಿಗೆ ತನ್ನಿ ಎಂದು ಕರಾವಳಿಯ ನಾಡದೋಣಿ ಮೀನುಗಾರರು ಆಮೇಲೂ ಬೀದಿಗಿಳಿದಿದ್ದಾರೆ. ಅರ್ಜಿಯಲ್ಲಿ ಅದಕ್ಕೆ ಕಾಲಂ ಇಲ್ಲ. ತೀರಾ ಬೇಕೆಂದರೆ, ‘ಸಾರ್ವಜನಿಕರಲ್ಲಿ ಜಾಗೃತಿ’ ಎಂಬಲ್ಲಿ ತುಂಬಿಕೊಳ್ಳಬಹುದು.